ಎರಡು ಹೆಸರು, ಒಂದೇ ಲಿಸ್ಟ್: ಒಂದನ್ನು ಮುಟ್ಟಿದರೆ ಇನ್ನೊಂದು ಯಾಕೆ ಬದಲಾಗುತ್ತದೆ?

ಪ್ರಶ್ನೆ: ಸರ್, ನಾನು ಪೈಥಾನ್ ಕಲಿಯಲು ಶುರುಮಾಡಿ ಮೂರು ತಿಂಗಳಾಯಿತು. ಒಂದು ಲಿಸ್ಟಲ್ಲಿ ಹೆಸರು, ಇನ್ನೊಂದರಲ್ಲಿ ಅಂಕ ಇಟ್ಟುಕೊಂಡಿದ್ದೆ. ಮೊದಲ ಮೂರು ಸ್ಥಾನ ಯಾರದು ಅಂತ ನೋಡಲು ಅಂಕಗಳ ಲಿಸ್ಟನ್ನು ‘ಪ್ರತಿ’ ಅನ್ನುವ ಬೇರೆ ವೇರಿಯೇಬಲ್‌ಗೆ ಹಾಕಿ, ಆ ಪ್ರತಿಯನ್ನು ಮಾತ್ರ ಸಾರ್ಟ್ ಮಾಡಿದೆ. ನೋಡಿದರೆ ಮೂಲ ಲಿಸ್ಟೂ ಸಾರ್ಟ್ ಆಗಿದೆ, ಯಾರದೋ ಅಂಕ ಯಾರದೋ ಹೆಸರಿಗೆ ಹೋಗಿದೆ. ಸಂಖ್ಯೆಗಳಲ್ಲಿ ಹೀಗೆ ಆಗುವುದಿಲ್ಲವಲ್ಲ, ಯಾಕೆ? ಇನ್ನೊಂದು, 256 ಇರುವ ಎರಡು ವೇರಿಯೇಬಲ್ ನಡುವೆ ‘ಈಸ್’ ಹಾಕಿದರೆ ಟ್ರೂ ಬರುತ್ತದೆ, 257 ಇಟ್ಟರೆ ಫಾಲ್ಸ್. ಟುಪಲ್ (ದುಂಡು ಬ್ರಾಕೆಟ್‌ನಲ್ಲಿ ಬರೆಯುವ ಲಿಸ್ಟ್ ಥರದ್ದು) ಬದಲಾಗುವುದೇ ಇಲ್ಲ ಅಂತ ಓದಿದ್ದೆ, ನನ್ನದು ಬದಲಾಯಿತು. ಈ ಕಾಟವೇ ಬೇಡ ಅಂತ ಎಲ್ಲ ಕಡೆ ಒಳಗಿನದನ್ನೂ ಸೇರಿಸಿ ಪೂರ್ತಿ ನಕಲು ತೆಗೆಯುವ ಡೀಪ್‌ಕಾಪಿ ಹಾಕಿಬಿಡಲೇ?

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆ ಅನ್ನಿಸಿದರೂ ನಿಜಕ್ಕೂ ಅದು ಒಂದೇ ಪ್ರಶ್ನೆ. ‘ಇವೆರಡೂ ಒಂದೇನಾ?’ ಅನ್ನುವುದು.

ಈ ‘ಒಂದೇ’ ಅನ್ನುವ ಪದ ಸ್ವಲ್ಪ ಮೋಸದ್ದು. ‘ನಮ್ಮಿಬ್ಬರ ಫೋನೂ ಒಂದೇ’ ಅಂದರೆ ಮಾಡೆಲ್, ಬಣ್ಣ ಎಲ್ಲ ಒಂದೇ ಥರ ಅಂತ; ಫೋನ್ ಇರುವುದು ಎರಡು. ‘ನಮ್ಮಿಬ್ಬರಿಗೂ ಇರುವುದು ಒಂದೇ ಫೋನ್’ ಅಂದರೆ ಕಥೆಯೇ ಬೇರೆ. ಒಬ್ಬರು ತಗೊಂಡು ಹೋದರೆ ಇನ್ನೊಬ್ಬರ ಕೈ ಖಾಲಿ. ಮಾತಿನಲ್ಲಿ ನಾವು ಇದನ್ನು ಸಂದರ್ಭ ನೋಡಿ ಬಿಡಿಸಿಕೊಳ್ಳುತ್ತೇವೆ. ಪ್ರೋಗ್ರಾಮಿಂಗ್ ಭಾಷೆಗೆ ಆ ಅನುಕೂಲ ಇಲ್ಲ, ಹಾಗಾಗಿ ಅಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇದೆ. ಪೈಥಾನ್‌ನಲ್ಲಿ == ಹಾಕಿದರೆ ‘ಒಂದೇ ಥರ ಇವೆಯಾ?’ ಅಂತ ಕೇಳಿದ ಹಾಗೆ. ಈಸ್ ಹಾಕಿದರೆ ‘ಇರುವುದೇ ಒಂದಾ?’ ಅಂತ ಕೇಳಿದ ಹಾಗೆ.

ಜಾವಾದಲ್ಲಿ ಗುರುತುಗಳೇ ಬೇರೆ. ಅಲ್ಲಿ ಆಬ್ಜೆಕ್ಟ್‌ಗಳ (ಮೆಮೊರಿಯಲ್ಲಿರುವ ವಸ್ತುಗಳ) ನಡುವೆ == ಹಾಕಿದರೆ ‘ಇರುವುದೇ ಒಂದಾ?’ ಅನ್ನುವ ಪ್ರಶ್ನೆ, ಒಂದೇ ಥರ ಇವೆಯಾ ಅಂತ ತಿಳಿಯಲು ಈಕ್ವಲ್ಸ್ ಮೆಥಡ್ ಕರೆಯಬೇಕು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವವರು ಇಲ್ಲಿ ಒಂದು ಸಲವಾದರೂ ಎಡವುತ್ತಾರೆ. ಕಾಮನ್ ಲಿಸ್ಪ್‌ನವರಂತೂ ಎರಡಕ್ಕೆ ನಿಲ್ಲಿಸಲಿಲ್ಲ, ಇಕ್ಯೂ, ಇಕ್ಯೂಎಲ್, ಈಕ್ವಲ್, ಈಕ್ವಲ್‌ಪಿ ಅಂತ ನಾಲ್ಕು ಇಟ್ಟಿದ್ದಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು, ಈಗ ಬರುವುದಿಲ್ಲ.

ಸರಿ, ನಿಮ್ಮ ಕೋಡಿಗೆ ಬರೋಣ. ಪೈಥಾನ್ 3 ರಲ್ಲಿ ವೇರಿಯೇಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು, ಹಾಗಾಗಿ ಈ ಸಾಲುಗಳನ್ನು ಇದ್ದ ಹಾಗೇ ಟೈಪ್ ಮಾಡಿದರೂ ಓಡುತ್ತವೆ.

ಅಂಕ = [82, 47, 91]
ಪ್ರತಿ = ಅಂಕ
ಪ್ರತಿ[0] = 10

ಈಗ ಅಂಕ ಏನಿದೆ ನೋಡಿ. [10, 47, 91]. ಎರಡನೇ ಸಾಲನ್ನು ನೀವು ‘ಅಂಕದ ನಕಲು ತೆಗೆದು ಪ್ರತಿಯಲ್ಲಿ ಇಡು’ ಅಂತ ಓದಿಕೊಂಡಿರಿ. ಪೈಥಾನ್ ಓದಿಕೊಂಡಿದ್ದು ‘ಅಂಕ ಅಂತ ಕರೆಯುತ್ತಿರುವ ಲಿಸ್ಟಿಗೆ ಇನ್ನು ಮೇಲೆ ಪ್ರತಿ ಅಂತಲೂ ಕರೆಯಬಹುದು’ ಅಂತ. ಲಿಸ್ಟ್ ಹುಟ್ಟಿದ್ದು ಒಂದೇ ಸಲ, ಮೊದಲನೇ ಸಾಲಿನಲ್ಲಿ, ಆ ಚೌಕ ಬ್ರಾಕೆಟ್ ಬರೆದಾಗ. ಎರಡನೇ ಸಾಲಿನಲ್ಲಿ ಹುಟ್ಟಿದ್ದು ಬರೀ ಹೆಸರು. ಹೆಸರು ಪ್ರತಿ ಅಂತ ಇಟ್ಟ ಮಾತ್ರಕ್ಕೆ ಅದು ಪ್ರತಿ ಆಗುವುದಿಲ್ಲ!

ಈಗ ಸಂಖ್ಯೆ.

ಎಣಿಕೆ = 5
ಬೇರೆ = ಎಣಿಕೆ
ಬೇರೆ = ಬೇರೆ + 1

ಎಣಿಕೆ 5 ಆಗಿಯೇ ಉಳಿಯುತ್ತದೆ, ಬೇರೆ 6 ಆಗುತ್ತದೆ. ಇದನ್ನು ನೋಡಿ ತುಂಬಾ ಜನ ‘ಸಂಖ್ಯೆಗಳು ನಕಲಾಗುತ್ತವೆ, ಲಿಸ್ಟ್‌ಗಳು ಹಂಚಿಕೆಯಾಗುತ್ತವೆ’ ಅಂತ ಕಲಿಸುತ್ತಾರೆ. ಪೈಥಾನ್ ಮಟ್ಟಿಗೆ ಇದು ತಪ್ಪು. ಎರಡನೇ ಸಾಲು ಎರಡೂ ಕಡೆ ಮಾಡುವ ಕೆಲಸ ಒಂದೇ, ಇದ್ದ ಆಬ್ಜೆಕ್ಟಿಗೆ ಇನ್ನೊಂದು ಹೆಸರು ಕೊಡುವುದು. ಆ ಸಾಲು ಮುಗಿದ ಕ್ಷಣದಲ್ಲಿ ಎಣಿಕೆ ಮತ್ತು ಬೇರೆ ಎರಡೂ ಒಂದೇ 5 ರ ಹೆಸರುಗಳು. ವ್ಯತ್ಯಾಸ ಇರುವುದು ಮೂರನೇ ಸಾಲಿನಲ್ಲಿ. ಪ್ರತಿ[0] = 10 ಅಂದಾಗ ನೀವು ಲಿಸ್ಟಿನ ಒಳಗೆ ಕೈ ಹಾಕಿದಿರಿ. ಬೇರೆ = ಬೇರೆ + 1 ಅಂದಾಗ 5 ರ ಒಳಗೆ ಯಾರೂ ಕೈ ಹಾಕಲಿಲ್ಲ; 6 ಅನ್ನುವ ಮತ್ತೊಂದು ಆಬ್ಜೆಕ್ಟ್ ಬಂತು, ‘ಬೇರೆ’ ಅನ್ನುವ ಹೆಸರು 5 ನ್ನು ಬಿಟ್ಟು ಅದರ ಹಿಂದೆ ಹೋಯಿತು. ಐದನ್ನು ಆರು ಮಾಡಲು ಯಾರಿಂದಲೂ ಆಗುವುದಿಲ್ಲ ಅಲ್ವಾ?

ಹಾಗಾಗಿ ಕೋಡ್ ಓದುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಸಮ ಚಿಹ್ನೆಯ ಎಡಗಡೆ ಬರೀ ಹೆಸರು ಇದ್ದರೆ ಹೆಸರು ಜಾಗ ಬದಲಾಯಿಸುತ್ತಿದೆ. ಎಡಗಡೆ ಬ್ರಾಕೆಟ್ ಅಥವಾ ಚುಕ್ಕಿ ಇದ್ದರೆ ವಸ್ತುವಿನ ಒಳಗೆ ಏನೋ ಬದಲಾಗುತ್ತಿದೆ. ನಿಮ್ಮ ಸಾರ್ಟ್ ಮೆಥಡ್, ಅಪೆಂಡ್, ಪಾಪ್, ರಿವರ್ಸ್, ಇವೆಲ್ಲ ಎರಡನೇ ಜಾತಿ. ಲಿಸ್ಟಿನ ಸಾರ್ಟ್ ಮೆಥಡ್ ಉತ್ತರವಾಗಿ ಏನನ್ನೂ ಕೊಡದೆ ಸುಮ್ನೆ ನನ್ (None, ‘ಏನೂ ಇಲ್ಲ’ ಅನ್ನುವ ಬೆಲೆ) ಕೊಡುವುದು ಇದೇ ಕಾರಣಕ್ಕೆ, ‘ನಾನು ಹೊಸದು ಮಾಡಲಿಲ್ಲ, ಇದ್ದದ್ದನ್ನೇ ತಿದ್ದಿದೆ’ ಅಂತ ನೆನಪಿಸಲು.

ಫಂಕ್ಷನ್‌ಗೆ ಲಿಸ್ಟ್ ಕಳಿಸಿದಾಗಲೂ ಇದೇ. ಫಂಕ್ಷನ್ ಒಳಗಿನ ಪ್ಯಾರಾಮೀಟರ್ ಅಂದರೆ ಅದೇ ವಸ್ತುವಿಗೆ ಇನ್ನೊಂದು ಹೆಸರು. ಬಾರ್ಬರಾ ಲಿಸ್ಕೋವ್ ಮತ್ತು ಅವರ ಜೊತೆಗಾರರು 1970 ರ ದಶಕದಲ್ಲಿ ಎಂಐಟಿಯಲ್ಲಿ ಸಿಎಲ್‌ಯು ಅನ್ನುವ ಭಾಷೆ ಮಾಡುವಾಗ ಇದಕ್ಕೆ ‘ಕಾಲ್ ಬೈ ಶೇರಿಂಗ್’ ಅಂತ ಹೆಸರಿಟ್ಟರು. ಪೈಥಾನ್‌ನಲ್ಲಿ ನಡೆಯುವುದು ಅದೇ. ‘ವ್ಯಾಲ್ಯೂನಾ, ರೆಫರೆನ್ಸಾ’ (ಫಂಕ್ಷನ್‌ಗೆ ಹೋಗುವುದು ನಕಲಾ, ಮೂಲ ವೇರಿಯೇಬಲ್ಲಾ) ಅಂತ ಇಂಟರ್‌ವ್ಯೂಗಳಲ್ಲಿ ಕೇಳುತ್ತಾರಲ್ಲ, ಆ ಜಗಳದಲ್ಲಿ ಎರಡು ಕಡೆಯವರೂ ಅರ್ಧ ಸರಿ.

ಇಲ್ಲೊಂದು ಚಿಕ್ಕ ಗುಂಡಿ ಇದೆ, ದಾಟಿಸಿ ಮುಂದೆ ಹೋಗುತ್ತೇನೆ. ಪ್ರತಿ = ಪ್ರತಿ + [60] ಅಂತ ಬರೆದರೆ ಹೊಸ ಲಿಸ್ಟ್ ಹುಟ್ಟುತ್ತದೆ, ಅಂಕಕ್ಕೆ ಏನೂ ಆಗುವುದಿಲ್ಲ. ಪ್ರತಿ += [60] ಅಂತ ಬರೆದರೆ ಇದ್ದ ಲಿಸ್ಟೇ ಉದ್ದವಾಗುತ್ತದೆ, ಅಂಕದಲ್ಲೂ 60 ಕಾಣುತ್ತದೆ. ಸಂಖ್ಯೆಗೂ ಸ್ಟ್ರಿಂಗಿಗೂ ಈ ಎರಡು ಬರವಣಿಗೆಯಲ್ಲಿ ಫಲಿತಾಂಶ ಒಂದೇ, ಆದ್ದರಿಂದ ಲಿಸ್ಟಿಗೂ ಹಾಗೇ ಇರಬಹುದು ಅಂತ ಕೈ ಅಭ್ಯಾಸ ಆಗಿಬಿಟ್ಟಿರುತ್ತದೆ.

ಈಗ ನಾನು ನಿಜಕ್ಕೂ ಹೇಳಬೇಕೆಂದಿರುವ ವಿಷಯ. ಮತ್ತೆ ಫೋನಿಗೆ ಹೋಗೋಣ. ನಿಮ್ಮ ಮುಂದೆ ಎರಡು ಪರದೆ ಇವೆ, ಎರಡರಲ್ಲೂ ಒಂದೊಂದು ಫೋನಿನ ನೇರ ಚಿತ್ರ ಬರುತ್ತಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಲ್ಲಿರುವುದು ಒಂದು ಫೋನಾ, ಎರಡಾ? ಹೇಗೆ ಕಂಡುಹಿಡಿಯುತ್ತೀರಿ? ಮೊದಲನೇ ಪರದೆಯಲ್ಲಿ ಕಾಣುತ್ತಿರುವ ಫೋನಿನ ವಾಲ್‌ಪೇಪರ್ ಬದಲಾಯಿಸಿ, ಎರಡನೇ ಪರದೆ ನೋಡುತ್ತೀರಿ. ಅಲ್ಲೂ ಬದಲಾದರೆ ಇರುವುದು ಒಂದೇ ಫೋನ್. ಬದಲಾಗದಿದ್ದರೆ ಎರಡು. ಪರೀಕ್ಷೆ ಅಷ್ಟೇ.

ಆ ಫೋನಿನಲ್ಲಿ ಏನನ್ನೂ ಬದಲಾಯಿಸಲು ಆಗದೇ ಹೋದರೆ? ಆಗ ಪರೀಕ್ಷೆಯೇ ಇಲ್ಲ. ಒಂದಾದರೂ ಅಷ್ಟೇ, ಎರಡಾದರೂ ಅಷ್ಟೇ, ನಿಮ್ಮ ಪ್ರೋಗ್ರಾಮಿನ ಉತ್ತರದಲ್ಲಿ ಕೂದಲಷ್ಟೂ ವ್ಯತ್ಯಾಸ ಬರುವುದಿಲ್ಲ. ಅಂದರೆ ‘ಇರುವುದೇ ಒಂದಾ?’ ಅನ್ನುವ ಪ್ರಶ್ನೆಗೆ ಬೆಲೆ ಬರುವುದೇ ವಸ್ತು ಬದಲಾಗುವಂಥದ್ದಾಗಿದ್ದಾಗ. ಐಡೆಂಟಿಟಿ (ಇರುವುದೇ ಒಂದಾ ಅನ್ನುವುದು), ಮ್ಯೂಟಬಿಲಿಟಿ (ಬದಲಾಗಬಲ್ಲದಾ ಅನ್ನುವುದು) ಅಂತ ಇವೆರಡನ್ನೂ ಬೇರೆ ಬೇರೆ ಪಾಠದಲ್ಲಿ ಹೇಳಿಕೊಡುತ್ತಾರೆ; ನನ್ನ ಪ್ರಕಾರ ಒಂದೇ ನಾಣ್ಯದ ಎರಡು ಮುಖ. 1993 ರಲ್ಲಿ ಹೆನ್ರಿ ಬೇಕರ್ ಅನ್ನುವವರು ಲಿಸ್ಪ್‌ನ ಆ ನಾಲ್ಕು ಸಮಾನತೆಗಳ ಗೋಜಲನ್ನು ಇಟ್ಟುಕೊಂಡು ಇದನ್ನೇ ವಾದಿಸಿದ್ದರು. ಬದಲಾಗುವ ವಸ್ತುಗಳನ್ನು ಐಡೆಂಟಿಟಿಯಿಂದ ಹೋಲಿಸಿ, ಬದಲಾಗದವನ್ನು ಒಳಗಿರುವುದನ್ನು ನೋಡಿ ಹೋಲಿಸಿ, ಆಗ ಒಂದೇ ಸಮಾನತೆ ಸಾಕು ಅನ್ನುವುದು ಅವರ ಮಾತು. ಬಹುಪಾಲು ಭಾಷೆಗಳು ಅವರ ಮಾತನ್ನು ಪೂರ್ತಿ ಕೇಳಲಿಲ್ಲ ಅನ್ನುವುದು ಬೇರೆ ವಿಷಯ.

ಇದು ಗೊತ್ತಾದ ಮೇಲೆ 256, 257 ರ ಗುಟ್ಟು ಸಪ್ಪೆ ಅನ್ನಿಸುತ್ತದೆ. ಸಂಖ್ಯೆ ಬದಲಾಗುವುದಿಲ್ಲ. ಬದಲಾಗದ ವಸ್ತು ಮೆಮೊರಿಯಲ್ಲಿ ಒಂದಿರಲಿ, ಹತ್ತಿರಲಿ, ಯಾರಿಗೂ ತೊಂದರೆ ಇಲ್ಲ. ಹಾಗಾಗಿ ಪೈಥಾನ್ ಓಡಿಸುವವರು ತಮಗೆ ಅನುಕೂಲವಾದ ಹಾಗೆ ಮಾಡಿಕೊಂಡಿದ್ದಾರೆ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಸಿಪೈಥಾನ್, -5 ರಿಂದ 256 ರ ತನಕದ ಸಂಖ್ಯೆಗಳನ್ನು ಮೊದಲೇ ತಯಾರಿಸಿ ಇಟ್ಟುಕೊಂಡು ಬಂದಿದೆ, ಯಾಕೆಂದರೆ ಚಿಕ್ಕ ಸಂಖ್ಯೆಗಳು ಪದೇ ಪದೇ ಬೇಕಾಗುತ್ತವೆ. 257 ಕೇಳಿದರೆ ಹೊಸದಾಗಿ ಮಾಡಿಕೊಡುತ್ತದೆ. ಅದೂ ಎಲ್ಲ ಸಲ ಅಲ್ಲ! ಎರಡು ಸಾಲನ್ನು ಒಂದೊಂದಾಗಿ ಟೈಪ್ ಮಾಡಿದರೆ ಫಾಲ್ಸ್ ಬರುವುದು, ಅವೇ ಎರಡು ಸಾಲನ್ನು ಒಂದು ಫೈಲಲ್ಲಿ ಬರೆದು ಓಡಿಸಿದರೆ ಟ್ರೂ ಬರಬಹುದು, ಯಾಕೆಂದರೆ ಇಡೀ ಫೈಲನ್ನು ಒಟ್ಟಿಗೆ ಕಂಪೈಲ್ ಮಾಡುವಾಗ ಒಂದೇ ಥರದ ಸ್ಥಿರ ಸಂಖ್ಯೆಗಳನ್ನು ಒಂದೇ ಕಡೆ ಇಟ್ಟುಕೊಳ್ಳುತ್ತದೆ. ಇದು ಭಾಷೆಯ ನಿಯಮ ಅಲ್ಲ, ಅಡುಗೆಮನೆಯ ಒಳಗಿನ ವ್ಯವಸ್ಥೆ. ನಾಳೆ ಬದಲಾದರೆ ಕೇಳುವ ಹಾಗಿಲ್ಲ.

ಜಾವಾದಲ್ಲೂ ಇದರ ಅಣ್ಣ ಇದ್ದಾನೆ. ಅಲ್ಲಿ ಇಂಟಿಜರ್ ಆಬ್ಜೆಕ್ಟ್‌ಗಳಿಗೆ -128 ರಿಂದ 127 ರ ತನಕ ಇಂಥದ್ದೇ ದಾಸ್ತಾನು. 127 ಕ್ಕೆ == ಸರಿ ಅನ್ನುತ್ತದೆ, 128 ಕ್ಕೆ ತಪ್ಪು ಅನ್ನುತ್ತದೆ. ಇದರ ಅಪಾಯ ಏನು ಗೊತ್ತಾ? ಟೆಸ್ಟ್ ಬರೆಯುವಾಗ ನಾವು 1, 2, 10 ಅಂತ ಚಿಕ್ಕ ಸಂಖ್ಯೆಗಳನ್ನೇ ಹಾಕುತ್ತೇವೆ. ಎಲ್ಲ ಪಾಸ್. ನಿಜವಾದ ಡೇಟಾ ಬಂದು ಐಡಿ ನಂಬರ್ 127 ದಾಟಿದ ದಿನ ಪ್ರೋಗ್ರಾಮ್ ಕೈಕೊಡುತ್ತದೆ.

ಹಾಗಾದರೆ ಈಸ್ ಯಾವಾಗ ಬಳಸಬೇಕು? ಬಹಳ ಕಡಿಮೆ. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಒಂದು ಇರುತ್ತದೆ ಅಂತ ಖಾತ್ರಿ ಇರುವ ವಸ್ತುಗಳಿಗೆ, ಮುಖ್ಯವಾಗಿ ನನ್ ಇದೆಯಾ ಅಂತ ನೋಡಲು. ಸಂಖ್ಯೆ, ಸ್ಟ್ರಿಂಗ್‌ಗಳಿಗೆ ಬೇಡವೇ ಬೇಡ. ಪೈಥಾನ್ 3.8 ರಿಂದ ಈಸ್ ಪಕ್ಕ ನೇರವಾಗಿ ಸಂಖ್ಯೆಯನ್ನೋ ಸ್ಟ್ರಿಂಗನ್ನೋ ಬರೆದರೆ ಅದೇ ಎಚ್ಚರಿಕೆ ತೋರಿಸುತ್ತದೆ. ಹಾಗೇ ಐಡಿ ಫಂಕ್ಷನ್ ಕೊಡುವ ನಂಬರನ್ನು ಎಲ್ಲಾದರೂ ಬರೆದಿಟ್ಟುಕೊಂಡು ಆಮೇಲೆ ಹೋಲಿಸಲು ಹೋಗಬೇಡಿ. ಸಿಪೈಥಾನ್‌ನಲ್ಲಿ ಅದು ಮೆಮೊರಿ ವಿಳಾಸ. ಒಂದು ಆಬ್ಜೆಕ್ಟ್ ಹೋದ ಮೇಲೆ ಅದೇ ಜಾಗಕ್ಕೆ ಇನ್ನೊಂದು ಬಂದು ಕೂರಬಹುದು, ಆಗ ಸಂಬಂಧವೇ ಇಲ್ಲದ ಎರಡಕ್ಕೂ ಒಂದೇ ನಂಬರ್.

ಟುಪಲ್ ವಿಷಯ. ಇದು ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು.

ಜೋಡಿ = (1, [2, 3])
ಜೋಡಿ[1] += [4]

ಓಡಿಸಿ ನೋಡಿ. ಟೈಪ್‌ಎರರ್ ಬರುತ್ತದೆ, ಟುಪಲ್ ಒಳಗೆ ಹೊಸದನ್ನು ಇಡಲು ಆಗದು ಅಂತ. ಸರಿ ಅಂದುಕೊಂಡು ಜೋಡಿಯನ್ನು ಪ್ರಿಂಟ್ ಮಾಡಿದರೆ (1, [2, 3, 4]) ಅಂತ ಇದೆ! ಬೈದದ್ದೂ ಆಯಿತು, ಕೆಲಸವೂ ಆಯಿತು. ಇದು ಬಗ್ ಅಲ್ಲ. ಆ ಒಂದು ಸಾಲಿನಲ್ಲಿ ಎರಡು ಹೆಜ್ಜೆ ಇವೆ. ಮೊದಲು ಒಳಗಿನ ಲಿಸ್ಟಿಗೆ 4 ಸೇರಿಸುವುದು, ಅದು ಲಿಸ್ಟ್ ಆದ್ದರಿಂದ ಸಲೀಸಾಗಿ ಆಗುತ್ತದೆ. ಆಮೇಲೆ ಆ ಲಿಸ್ಟನ್ನು ಮತ್ತೆ ಟುಪಲ್‌ನ ಜೋಡಿ[1] ಅನ್ನುವ ಅದೇ ಜಾಗದಲ್ಲಿ ಇಡುವುದು. ಟುಪಲ್ ಬೇಡ ಅನ್ನುವುದು ಈ ಎರಡನೇ ಹೆಜ್ಜೆಗೆ. ಅಷ್ಟರಲ್ಲಿ ಮೊದಲ ಹೆಜ್ಜೆ ಮುಗಿದಿರುತ್ತದೆ.

ಅಂದರೆ ಟುಪಲ್ ಕೊಡುವ ಭರವಸೆ ಇಷ್ಟೇ: ‘ನನ್ನ ಒಂದೊಂದು ಜಾಗದಲ್ಲಿ ಯಾವ ಆಬ್ಜೆಕ್ಟ್ ಇದೆಯೋ ಕೊನೆಯ ತನಕ ಅದೇ ಇರುತ್ತದೆ.’ ಆ ಆಬ್ಜೆಕ್ಟ್ ಒಳಗೆ ಏನು ನಡೆಯುತ್ತದೆ ಅನ್ನುವುದು ಅದರ ಜವಾಬ್ದಾರಿ ಅಲ್ಲ. ಸದಸ್ಯರ ಪಟ್ಟಿಗೆ ಬೀಗ ಹಾಕಬಹುದು, ಸದಸ್ಯರ ಮನಸ್ಸಿಗೆ ಬೀಗ ಹಾಕಲು ಬರುತ್ತದಾ? ಬೇರೆ ಭಾಷೆಗಳಲ್ಲೂ ಇಂಥ ಅರ್ಧಂಬರ್ಧ ಬೀಗಗಳು ಬೇಕಾದಷ್ಟಿವೆ. ಜಾವಾದ ಫೈನಲ್, ಜಾವಾಸ್ಕ್ರಿಪ್ಟ್‌ನ ಕಾನ್ಸ್ಟ್ ಇವೆರಡೂ ಹೆಸರಿಗೆ ಹಾಕುವ ಬೀಗ, ವಸ್ತುವಿಗಲ್ಲ. ಕಾನ್ಸ್ಟ್ ಅಂತ ಬರೆದ ಅರೇಗೆ ನೀವು ಆರಾಮಾಗಿ ಪುಶ್ ಮಾಡಬಹುದು. ಜಾವಾಸ್ಕ್ರಿಪ್ಟ್‌ನ ಆಬ್ಜೆಕ್ಟ್ ಫ್ರೀಜ್ ವಸ್ತುವಿಗೇ ಬೀಗ ಹಾಕುತ್ತದೆ, ಆದರೆ ಒಂದೇ ಪದರಕ್ಕೆ, ಒಳಗಿನ ಆಬ್ಜೆಕ್ಟ್‌ಗಳಿಗೆ ಇಲ್ಲ. ಜಾವಾದಲ್ಲಿ ಅನ್‌ಮಾಡಿಫೈಯಬಲ್ ಲಿಸ್ಟ್ ಅಂತ ಸಿಗುತ್ತದೆ, ಅದು ಕಿಟಕಿ ಇದ್ದ ಹಾಗೆ. ಕಿಟಕಿಯಿಂದ ಕೈ ಹಾಕಲು ಆಗುವುದಿಲ್ಲ ನಿಜ, ಆದರೆ ಒಳಗಿರುವವರು ಸಾಮಾನು ಜರುಗಿಸಿದರೆ ನಿಮಗೆ ಕಾಣುತ್ತದೆ. ಯಾರಾದರೂ ‘ಇದು ಇಮ್ಯೂಟಬಲ್’ ಅಂದರೆ ‘ಯಾವುದು? ಎಷ್ಟು ಆಳದ ತನಕ?’ ಅಂತ ಮರುಪ್ರಶ್ನೆ ಹಾಕಿ.

ಡಿಕ್ಷನರಿಗೆ (ಒಂದು ಕೀ ಕೊಟ್ಟರೆ ಅದಕ್ಕೆ ಜೋಡಿಸಿದ್ದನ್ನು ಹುಡುಕಿಕೊಡುವ ಕೋಶಕ್ಕೆ) ಲಿಸ್ಟನ್ನು ಕೀ ಆಗಿ ಕೊಟ್ಟರೆ ಪೈಥಾನ್ ಒಪ್ಪದಿರುವುದೂ ಇದೇ ಮರದ ಕೊಂಬೆ. ಡಿಕ್ಷನರಿ ಒಂದು ಕೀಯನ್ನು ಇಡುವಾಗ ಅದರ ಒಳಗಿರುವುದರಿಂದ ಒಂದು ಸಂಖ್ಯೆ, ಹ್ಯಾಶ್, ಲೆಕ್ಕ ಹಾಕಿ ಆ ಸಂಖ್ಯೆಗೆ ತಕ್ಕ ಗೂಡಿನಲ್ಲಿ ಇಡುತ್ತದೆ. ಇಟ್ಟ ಮೇಲೆ ಒಳಗಿನದು ಬದಲಾದರೆ ಹ್ಯಾಶ್ ಬದಲಾಗುತ್ತದೆ, ಹುಡುಕುವಾಗ ಬೇರೆ ಗೂಡಿಗೆ ಹೋಗಿ ನೋಡುತ್ತದೆ, ಅಲ್ಲಿ ಇರುವುದಿಲ್ಲ. ಪೈಥಾನ್ ಇದನ್ನು ಬಾಗಿಲಲ್ಲೇ ತಡೆಯುತ್ತದೆ. ಜಾವಾ ತಡೆಯುವುದಿಲ್ಲ. ಹ್ಯಾಶ್‌ಸೆಟ್‌ಗೆ ಒಂದು ಆಬ್ಜೆಕ್ಟ್ ಹಾಕಿ, ಆಮೇಲೆ ಅದರ ಫೀಲ್ಡ್ ಬದಲಾಯಿಸಿ, ‘ಇದು ಇದೆಯಾ?’ ಅಂತ ಕೇಳಿದರೆ ಇಲ್ಲ ಅನ್ನುತ್ತದೆ, ಎಲ್ಲವನ್ನೂ ಒಂದೊಂದಾಗಿ ತೋರಿಸು ಅಂದರೆ ಅದನ್ನೂ ತೋರಿಸುತ್ತದೆ. ರೂಬಿಯವರು ಇಲ್ಲಿ ಜಾಣರು. ಅವರ ಭಾಷೆಯಲ್ಲಿ ಸ್ಟ್ರಿಂಗ್ ಬದಲಾಗುವಂಥದ್ದು, ಆದ್ದರಿಂದ ಸ್ಟ್ರಿಂಗನ್ನು ಕೀ ಆಗಿ ಕೊಟ್ಟ ಕೂಡಲೇ ಅದರ ಒಂದು ನಕಲು ತೆಗೆದು, ಆ ನಕಲಿಗೆ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಜಾವಾಸ್ಕ್ರಿಪ್ಟ್‌ನ ಮ್ಯಾಪ್ ಇನ್ನೊಂದು ದಾರಿ ಹಿಡಿದಿದೆ, ಅರೇಯನ್ನು ಕೀ ಮಾಡಿದರೆ ಐಡೆಂಟಿಟಿ ಮಾತ್ರ ನೋಡುತ್ತದೆ. [1, 2] ಅನ್ನುವ ಕೀ ಹಾಕಿ, ಮತ್ತೆ [1, 2] ಅಂತ ಬರೆದು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಎರಡನೇ ಸಲ ಬರೆದದ್ದು ಬೇರೆ ಅರೇ.

ನಿಮಗೆ ಇನ್ನೂ ಎದುರಾಗದಿದ್ದರೆ ಸದ್ಯದಲ್ಲೇ ಎದುರಾಗುವ ಎರಡು ಹಳ್ಳಗಳನ್ನು ಹೇಳಿಬಿಡುತ್ತೇನೆ. ಒಂದು ಹೀಗೆ.

ಮಣೆ = [[0] * 3] * 3
ಮಣೆ[0][0] = 5

ಮೂರು ಸಾಲು, ಮೂರು ಕಂಬ ಇರುವ ಆಟದ ಮಣೆ ಮಾಡಿದೆ ಅಂದುಕೊಂಡಿರುತ್ತೀರಿ. ಪ್ರಿಂಟ್ ಮಾಡಿದರೆ ಮೂರೂ ಸಾಲಿನ ಮೊದಲ ಮನೆಯಲ್ಲಿ 5 ಇದೆ. ಒಳಗಿನ ಗುಣಾಕಾರದಿಂದ ತೊಂದರೆ ಇಲ್ಲ, ಸೊನ್ನೆ ಬದಲಾಗದ ವಸ್ತು, ಒಂದೇ ಸೊನ್ನೆಯನ್ನು ಮೂರು ಕಡೆ ತೋರಿಸಿದರೂ ನಡೆಯುತ್ತದೆ. ಹೊರಗಿನ ಗುಣಾಕಾರ ಒಂದೇ ಲಿಸ್ಟನ್ನು ಮೂರು ಸಲ ತೋರಿಸಿತು. ಒಂದೇ ಸಾಲಿನಲ್ಲಿ ಒಂದೇ ಚಿಹ್ನೆ, ಒಂದು ಕಡೆ ನಿರಪಾಯ, ಇನ್ನೊಂದು ಕಡೆ ಬಲೆ. ಮೇಲೆ ಹೇಳಿದ ವಾಲ್‌ಪೇಪರ್ ಪರೀಕ್ಷೆಯನ್ನು ಇಷ್ಟು ಚಿಕ್ಕದಾಗಿ ತೋರಿಸುವ ಇನ್ನೊಂದು ಸಾಲು ನನಗೆ ಗೊತ್ತಿಲ್ಲ.

ಇನ್ನೊಂದು ಹಳ್ಳ, ಫಂಕ್ಷನ್ ಬರೆಯುವಾಗ ಪ್ಯಾರಾಮೀಟರ್‌ಗೆ ಡೀಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಡುವುದು. ಆ ಖಾಲಿ ಲಿಸ್ಟ್ ಫಂಕ್ಷನ್ ಕರೆದಾಗಲೆಲ್ಲ ಹೊಸದಾಗಿ ಹುಟ್ಟುವುದಿಲ್ಲ. ಫಂಕ್ಷನ್ ಶುರುವಾಗುವ ಡೆಫ್ ಸಾಲು ಓಡಿದಾಗ ಒಂದು ಸಲ ಹುಟ್ಟುತ್ತದೆ, ಆಮೇಲೆ ಪ್ರತಿ ಕರೆಗೂ ಅದೇ. ಮೊದಲ ಕರೆಯಲ್ಲಿ ಸೇರಿಸಿದ್ದು ಎರಡನೇ ಕರೆಗೆ ಸ್ವಾಗತ ಕೋರಲು ಕಾಯುತ್ತಿರುತ್ತದೆ. ಡೀಫಾಲ್ಟ್ ನನ್ ಕೊಟ್ಟು, ಒಳಗೆ ‘ನನ್ ಆಗಿದ್ದರೆ ಹೊಸ ಲಿಸ್ಟ್’ ಅಂತ ಬರೆಯುವುದು ಎಲ್ಲರೂ ಮಾಡುವ ಉಪಾಯ.

ಇದನ್ನೆಲ್ಲ ದೊಡ್ಡದಾಗಿ ಹೇಳುತ್ತಿದ್ದೇನೆ, ನಾನೇನು ಸಾಚಾ ಅಲ್ಲ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನನ್ನದೇ ಕೋಡು. ಸೆಟ್ಟಿಂಗ್‌ಗಳ ಡಿಕ್ಷನರಿಯನ್ನು ಫೈಲಿನಿಂದ ಒಂದು ಸಲ ಓದಿ ಮೆಮೊರಿಯಲ್ಲಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡುವ ಒಂದು ಫಂಕ್ಷನ್ ಬರೆದಿದ್ದೆ. ಫೈಲನ್ನು ಪದೇ ಪದೇ ಓದುವುದು ತಪ್ಪಿತು ಅಂತ ಖುಷಿ. ಬೇರೆ ಯಾರೋ ಒಂದು ರಿಪೋರ್ಟಿಗೆ ಅಂತ ಆ ಡಿಕ್ಷನರಿ ತಗೊಂಡು, ತಮ್ಮ ಅಗತ್ಯಕ್ಕೆ ಅದರಲ್ಲಿ ಒಂದು ಕೀಯನ್ನು ಬದಲಾಯಿಸಿಕೊಂಡರು. ಅವರ ದೃಷ್ಟಿಯಲ್ಲಿ ತಪ್ಪೇನಿಲ್ಲ, ತಮ್ಮ ಕೈಗೆ ಬಂದದ್ದು ತಮ್ಮದು. ಆದರೆ ಆ ರಿಪೋರ್ಟ್ ಒಂದು ಸಲ ಓಡಿದ ಮೇಲೆ ಇಡೀ ಪ್ರೋಗ್ರಾಮಿಗೆ ಆ ಸೆಟ್ಟಿಂಗೇ ಖಾಯಂ. ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನದ ಮೇಲೆ ಲೆಕ್ಕ ತಪ್ಪು, ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಲೆಕ್ಕ ಹಾಕುವ ಕೋಡನ್ನು ಎರಡು ದಿನ ಸಾಲು ಸಾಲಾಗಿ ಓದಿದೆ, ಅಲ್ಲಿ ತಪ್ಪೇ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಹಂಚಿಕೊಂಡ ಮ್ಯೂಟಬಲ್ ವಸ್ತುವಿನ ಬಗ್‌ಗಳ ಲಕ್ಷಣವೇ ಇದು: ತಪ್ಪು ಮಾಡಿದ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ‘ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ’ ಅಂತ ಯಾರಾದರೂ ಅಂದರೆ ಈಗಲೂ ನನ್ನ ಮೊದಲ ಅನುಮಾನ ಇದರ ಮೇಲೆ.

ಭಾಷೆಗಳನ್ನು ಮಾಡುವವರಿಗೂ ಈ ನೋವು ಗೊತ್ತು, ಒಬ್ಬೊಬ್ಬರು ಒಂದೊಂದು ಮದ್ದು ಹುಡುಕಿದ್ದಾರೆ. ಜಾವಾದವರು ಸ್ಟ್ರಿಂಗನ್ನು ಮೊದಲಿನಿಂದಲೇ ಬದಲಾಗದ ಹಾಗೆ ಮಾಡಿದರು, ಒಳ್ಳೆಯ ಕೆಲಸ. ದಿನಾಂಕದ ಡೇಟ್ ಕ್ಲಾಸನ್ನು ಮಾತ್ರ ಬದಲಾಗುವ ಹಾಗೆ ಮಾಡಿ ಕೈ ಸುಟ್ಟುಕೊಂಡರು. 2014 ರಲ್ಲಿ ಜಾವಾ 8 ಜೊತೆ ಬಂದ ಹೊಸ ದಿನಾಂಕದ ಕ್ಲಾಸ್‌ಗಳು ಬದಲಾಗುವುದಿಲ್ಲ. ಏಳು ದಿನ ಕೂಡಿಸಿದರೆ ಹೊಸ ದಿನಾಂಕ ಕೊಡುತ್ತವೆ, ಹಳೆಯದು ಹಾಗೇ ಇರುತ್ತದೆ. ಸ್ವಿಫ್ಟ್‌ನಲ್ಲಿ ಅರೇಯನ್ನು ಇನ್ನೊಂದು ಹೆಸರಿಗೆ ಕೊಟ್ಟರೆ ಅದು ನಿಜಕ್ಕೂ ನಕಲು, ನೀವು ಬಯಸಿದ ಹಾಗೇ! ಒಳಗೊಳಗೆ ಮಾತ್ರ ಯಾರಾದರೂ ಬದಲಾಯಿಸಲು ಹೋಗುವ ತನಕ ನಕಲು ತೆಗೆಯದೆ ಸೋಮಾರಿತನ ಮಾಡುತ್ತದೆ. 2015 ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದ ರಸ್ಟ್ ಕಟ್ಟುನಿಟ್ಟಿನದು. ಒಂದು ವಸ್ತುವನ್ನು ಎಷ್ಟು ಜನ ಬೇಕಾದರೂ ನೋಡಬಹುದು, ಇಲ್ಲವೇ ಒಬ್ಬರು ಮಾತ್ರ ಬದಲಾಯಿಸಬಹುದು, ಎರಡೂ ಒಟ್ಟಿಗೆ ಬೇಕು ಅಂದರೆ ಕಂಪೈಲ್ ಆಗುವುದಿಲ್ಲ. ನನ್ನ ಆ ಸೆಟ್ಟಿಂಗ್ ಕೋಡ್ ಅಲ್ಲಿ ಹುಟ್ಟುವ ಮೊದಲೇ ಸಾಯುತ್ತಿತ್ತು.

ಕ್ಲೋಜರ್‌ನ ದಾರಿ ಇನ್ನೂ ಚೆಂದ. ರಿಚ್ ಹಿಕ್ಕಿ 2007 ರಲ್ಲಿ ಹೊರತಂದ ಈ ಭಾಷೆಯಲ್ಲಿ ಲಿಸ್ಟ್, ಮ್ಯಾಪ್ ಯಾವುದೂ ಬದಲಾಗುವುದೇ ಇಲ್ಲ. ಒಂದನ್ನು ತಿದ್ದಬೇಕು ಅಂದರೆ ತಿದ್ದಿದ ಹೊಸದು ಸಿಗುತ್ತದೆ. ಹತ್ತು ಲಕ್ಷ ಅಂಶ ಇರುವ ವೆಕ್ಟರ್‌ನಲ್ಲಿ ಒಂದನ್ನು ತಿದ್ದಲು ಹತ್ತು ಲಕ್ಷವನ್ನೂ ನಕಲು ಮಾಡಬೇಕಾ ಅಂದರೆ, ಇಲ್ಲ. ಒಳಗೆ ಅದು ಮರ, ಒಂದೊಂದು ಗಂಟಿಗೆ 32 ಕೊಂಬೆ. 32 ನ್ನು ನಾಲ್ಕು ಸಲ ಗುಣಿಸಿದರೆ 10,48,576, ಹಾಗಾಗಿ ಹತ್ತು ಲಕ್ಷಕ್ಕೆ ನಾಲ್ಕು ಮಟ್ಟ ಸಾಕು. ತಿದ್ದಿದ ಎಲೆಯಿಂದ ಬೇರಿನ ತನಕದ ನಾಲ್ಕು ಗಂಟುಗಳಷ್ಟೇ ನಕಲಾಗುತ್ತವೆ, ಉಳಿದ ಇಡೀ ಮರವನ್ನು ಹಳೆಯದೂ ಹೊಸದೂ ಹಂಚಿಕೊಳ್ಳುತ್ತವೆ. ಯಾವ ಭಯವೂ ಇಲ್ಲದೆ ಹಂಚಿಕೊಳ್ಳಬಹುದು, ಯಾಕೆಂದರೆ ಯಾವುದೂ ಬದಲಾಗುವುದಿಲ್ಲ.

ಹಾಗಂತ ಬದಲಾಗುವುದೇ ಪಾಪ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ಖಾತೆ ನೋಡಿ. ಎರಡು ಖಾತೆಯಲ್ಲೂ ಬಾಕಿ ಸೊನ್ನೆ ಇದೆ ಅಂತ ಅವೆರಡೂ ಒಂದೇ ಖಾತೆ ಆಗುವುದಿಲ್ಲ. ಇವತ್ತು ಬಾಕಿ ಐನೂರು, ನಾಳೆ ಮುನ್ನೂರು ಆದರೂ ಅದು ಅದೇ ಖಾತೆ. ಇಂಥದ್ದಕ್ಕೆ ಐಡೆಂಟಿಟಿ ಬೇಕು, ಬದಲಾವಣೆಯೂ ಬೇಕು. ಐನೂರು ಅನ್ನುವ ಮೊತ್ತ, ಒಂದು ದಿನಾಂಕ, ಒಂದು ಬಣ್ಣ, ಇವು ಆ ಜಾತಿಯವಲ್ಲ. ಇವಕ್ಕೆ ‘ಯಾವ ಐನೂರು?’ ಅಂತ ಕೇಳುವುದೇ ಅಸಂಬದ್ಧ. ನನ್ನ ಕೋಡಿನಲ್ಲಿ ಹೊಸ ಕ್ಲಾಸ್ ಬರೆಯುವ ಮೊದಲು ಇದು ಖಾತೆಯ ಜಾತಿಯಾ, ಮೊತ್ತದ ಜಾತಿಯಾ ಅಂತ ಕೇಳಿಕೊಳ್ಳುತ್ತೇನೆ. ಮೊತ್ತದ ಜಾತಿಯಾದರೆ ಡೇಟಾಕ್ಲಾಸ್‌ಗೆ ಫ್ರೋಜನ್ (ಆಮೇಲೆ ಬದಲಾಯಿಸಲು ಬಿಡಬೇಡ ಅನ್ನುವ ಸೂಚನೆ) ಹಾಕಿ ಬಾಗಿಲು ಮುಚ್ಚಿಬಿಡುತ್ತೇನೆ. ಖಾತೆಯ ಜಾತಿಯಾದರೆ ಅದನ್ನು ಯಾರು ಬದಲಾಯಿಸಬಹುದು ಅಂತ ಒಂದೇ ಜಾಗ ಗೊತ್ತುಮಾಡುತ್ತೇನೆ. ಅರ್ಧಕ್ಕರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಇನ್ನು ಡೀಪ್‌ಕಾಪಿ. ಎಲ್ಲ ಕಡೆ ಹಾಕಬೇಡಿ. ನಿಧಾನ ಅನ್ನುವುದು ಒಂದು ಕಾರಣ, ಅದಕ್ಕಿಂತ ಮುಖ್ಯ ಕಾರಣ ಬೇರೆ ಇದೆ. ಡೀಪ್‌ಕಾಪಿ ಒಳಗಿರುವುದನ್ನೆಲ್ಲ ಬೇರಿನ ತನಕ ನಕಲು ಮಾಡುತ್ತಾ ಹೋಗುತ್ತದೆ, ಖಾತೆಯ ಜಾತಿಯ ವಸ್ತು ಸಿಕ್ಕರೆ ಅದನ್ನೂ. ಆಮೇಲೆ ನಿಮ್ಮ ಹತ್ತಿರ ಒಂದೇ ನಂಬರಿನ ಎರಡು ಖಾತೆ ಇರುತ್ತವೆ, ಒಂದಕ್ಕೆ ಹಣ ಹಾಕಿದರೆ ಇನ್ನೊಂದರಲ್ಲಿ ಕಾಣುವುದಿಲ್ಲ. ಮೊದಲು ಬೇಡದ ಹಂಚಿಕೆಯಿಂದ ಬಗ್ ಬರುತ್ತಿತ್ತು, ಈಗ ಬೇಕಾದ ಹಂಚಿಕೆ ಇಲ್ಲದೆ ಬಗ್ ಬರುತ್ತದೆ. ಸಂಖ್ಯೆ, ಸ್ಟ್ರಿಂಗ್‌ಗಳ ಚಪ್ಪಟೆ ಲಿಸ್ಟ್ ಆದರೆ ಮೇಲುಮೇಲಿನ ನಕಲು ಧಾರಾಳ ಸಾಕು, ಪ್ರತಿ = ಅಂಕ[:] ಅಂತ ಬರೆದರೆ ಮುಗಿಯಿತು. ಲಿಸ್ಟಿನೊಳಗೆ ಲಿಸ್ಟ್ ಇದ್ದು, ಒಳಗಿನವನ್ನೂ ನೀವು ಬದಲಾಯಿಸುವವರಿದ್ದರೆ ಮಾತ್ರ ಡೀಪ್‌ಕಾಪಿ ಬಗ್ಗೆ ಯೋಚಿಸಿ.

ನಿಮ್ಮ ಕೋಡಿಗೆ ಅದೂ ಬೇಡ. ಪ್ರತಿ ಅನ್ನುವ ಸಾಲನ್ನೇ ತೆಗೆದುಹಾಕಿ, ಸಾರ್ಟ್ ಮೆಥಡ್ ಬದಲು ಸಾರ್ಟೆಡ್ ಅನ್ನುವ ಫಂಕ್ಷನ್ ಬಳಸಿ. ಅದು ಅಂಕವನ್ನು ಮುಟ್ಟುವುದಿಲ್ಲ, ಸಾಲಾಗಿ ಜೋಡಿಸಿದ ಹೊಸ ಲಿಸ್ಟ್ ಕೊಡುತ್ತದೆ. ಆದರೆ ಆಗಲೂ ಮೊದಲ ಮೂರು ಅಂಕ ಸಿಗುತ್ತವೆಯೇ ಹೊರತು ಅವು ಯಾರವು ಅಂತ ಗೊತ್ತಾಗುವುದಿಲ್ಲ, ಹೆಸರು ಬೇರೆ ಲಿಸ್ಟಲ್ಲಿ ಇದೆಯಲ್ಲ. ಆ ಎರಡು ಲಿಸ್ಟನ್ನು ಜಿಪ್ ಫಂಕ್ಷನ್‌ನಿಂದ ಸೇರಿಸಿ (91, ಹೆಸರು) ಅನ್ನುವ ಥರ ಟುಪಲ್‌ಗಳ ಒಂದೇ ಲಿಸ್ಟ್ ಮಾಡಿಕೊಳ್ಳಿ, ಅಂಕ ಮುಂದೆ ಇರಲಿ, ಸಾರ್ಟೆಡ್‌ಗೆ ರಿವರ್ಸ್ ಟ್ರೂ ಅಂತ ಕೊಟ್ಟು ಮೊದಲ ಮೂರನ್ನು ತಗೊಳ್ಳಿ. ಈ ಸಲ ಟುಪಲ್ ಒಳಗೆ ಇರುವುದು ಬರೀ ಒಂದು ಸಂಖ್ಯೆ ಮತ್ತು ಒಂದು ಸ್ಟ್ರಿಂಗ್, ಹಾಗಾಗಿ ಅದು ನಿಜಕ್ಕೂ ಬದಲಾಗುವುದಿಲ್ಲ, ಅಂಕ ತನ್ನ ಹೆಸರನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.